ಎರಡೂ ಕೆಂಪು

ಬಿ.ಎಂ. ರಸ್ತೆಯಿಂದ ಒಳಕ್ಕೆ, ಟೈರ್ ಅಂಗಡಿ ದಾಟಿ,
ಎಡಕ್ಕೆ ಮೂರನೇ ಶೆಡ್ಡು ನನ್ನದು.
ಬುಧವಾರ ಸಣ್ಣಸ್ವಾಮಿ ಬಂದರು
ಕಂಕುಳಲ್ಲಿ ನಾಲ್ಕು ಲೀಟರಿನ ನೀಲಿ ಡಬ್ಬ,
ಬೀಗರ ಮನೆಗೆ ಹೊರಟವರ ಹಣ್ಣಿನ ಚೀಲದ ಹಾಗೆ.

ಇಪ್ಪತ್ತೊಂಬತ್ತು ವರ್ಷ ಧರ್ಮಸ್ಥಳದ ಬಸ್ಸು.
ಶಿರಾಡಿಯ ಒಂದೊಂದು ತಿರುವಿಗೂ ಕ್ಲಚ್ಚು ತುಳಿದು
ಸವೆದದ್ದು ಡಿಪೋದ ಪ್ಲೇಟಷ್ಟೇ ಅಲ್ಲ,
ಅವರ ಎಡ ಮಂಡಿ.
ಅದಕ್ಕೇ ಈ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ಕು,
ಎಡಗಾಲಿಗೆ ಕೆಲಸವಿಲ್ಲದ ಕಾರು.
ಆದರೂ ಆ ಕಾಲು, ನಿವೃತ್ತಿಗೆ ಒಗ್ಗದ ಗುಮಾಸ್ತ,
ದಿನಾ ಹಾಜರಿ ಹಾಕಲು ತಡಕುತ್ತದೆ
ಇಲ್ಲದ ಪೆಡಲನ್ನು.

"ಎರಡರಿಂದ ಮೂರಕ್ಕೆ ಬೀಳೋವಾಗ ಒದೀತದೆ ಕಣಪ್ಪಾ,
ಕೆಚ್ಚಲಿಗೆ ಕೈ ಹಾಕಿದಾಗ ಹೊಸ ಹಸ ಒದ್ದಂಗೆ."

ಕೈಪಿಡಿಯಲ್ಲಿ ಎಣ್ಣೆಯ ಬಗ್ಗೆ ಒಂದೇ ಸಾಲು:
ಜೀವಮಾನಕ್ಕೆ ತುಂಬಿದೆ, ಬದಲಿಸಬೇಕಿಲ್ಲ.
ಯಾರ ಜೀವಮಾನ?
ಎಣ್ಣೆಯದೋ, ಗೇರ್‌ಬಾಕ್ಸಿನದೋ, ವಾರಂಟಿಯದೋ?
ಅದನ್ನು ಬರೆದ ಮಹಾಶಯ
ಆಷಾಢದಲ್ಲಿ, ಟ್ಯಾಂಕರಿನ ಹಿಂದೆ,
ಅರ್ಧ ಗಂಟೆ ಒಂದನೇ ಗೇರಿನಲ್ಲಿ ಘಾಟಿ ಹತ್ತಿರಲಿಕ್ಕಿಲ್ಲ.
ಬಿರಡೆ ಬಿಚ್ಚಿದೆ.
ಕಾಕಂಬಿಯ ಹಾಗೆ ಇಳಿಯಿತು ಆ ಜೀವಮಾನ,
ತಳ ಹತ್ತಿದ ಬೇಳೆಯ ವಾಸನೆ.

ತನ್ವೀರ ಹಳೇ ಕ್ಯಾಲೆಂಡರಿನ ಬೆನ್ನಿಗೆ ಎರಡು ಹನಿ ಇಟ್ಟ,
ಅವರ ನೀಲಿ ಡಬ್ಬದ್ದು, ನನ್ನ ಬೆಳ್ಳಿ ಡಬ್ಬದ್ದು.
"ಎರಡೂ ಕೆಂಪೇ ಅಲ್ವಾ ಉಸ್ತಾದ್?"

ಬಣ್ಣ ಬೆರೆಸಿದ್ದು ಮಗಾ, ಸೋರಿದರೆ ಗೊತ್ತಾಗಲಿ ಅಂತ.
ಕೆಂಪು ಯಾವ ಮಾತೂ ಕೊಟ್ಟಿಲ್ಲ.
ಎರಡೂ ಸಿಂಥೆಟಿಕ್ಕೇ, ಮುಂದೆ ಚಿನ್ನದ ಅಕ್ಷರ;
ಹಿಂದಕ್ಕೆ ತಿರುಗಿಸು, ಇರುವೆ ಸಾಲು ಓದು.
ನೂರು ಡಿಗ್ರಿ ಕಾವಿನಲ್ಲಿ ಒಂದರ ದಪ್ಪ ಏಳೂವರೆ,
ಇನ್ನೊಂದರದು ಐದೂವರೆ.
ಈ ಗೇರ್‌ಬಾಕ್ಸು ತೆಳುವನ್ನೇ ಕುಡಿದು ಬೆಳೆದದ್ದು,
ಸಾಸಿವೆಯಷ್ಟು ಬಾಯಿಗಳಿಂದ ಗುಟುಕು ಅಳೆಯುತ್ತದೆ.
ಮತ್ತೆ, ಎಣ್ಣೆ ಅಂದರೆ ಜಾರುವುದೊಂದೇ ಅಂದುಕೊಂಡೆಯಾ?
ಇಲ್ಲಿ ಅದು ಜಾರಬೇಕು, ಹಿಡಿಯಲೂ ಬೇಕು,
ಯಾವ ಗಳಿಗೆಗೆ ಯಾವುದು ಎಂಬ ಲೆಕ್ಕ
ಆ ಸ್ಪೆಸಿಫಿಕೇಶನ್ನಿನ ಮೂರು ಅಕ್ಷರದಲ್ಲಿ ಮಡಚಿಟ್ಟಿದೆ.

ಸಣ್ಣಸ್ವಾಮಿ ಕನ್ನಡಕ ಏರಿಸಿದರು:
"ನಮ್ ಗಾಡಿ ಹೆಸರೂ ಐತಲ್ಲ, ನೋಡು, ಹದಿನೇಳ್ನೇ ಸಾಲು.
ರೇಟು ನಿಂದರ್ಧ."

ಇದೆ. ಆ ಪಟ್ಟಿಯಲ್ಲಿ ಹಾಸನದ ಸಮಸ್ತ ಗಾಡಿಯೂ ಇದೆ.
ತಲೆಯ ಮೇಲೆ ಒಂದು ಮಾತು: 'ಇವಕ್ಕೆ ಹೊಂದುತ್ತದೆ.'
ಬೆಳ್ಳಿ ಡಬ್ಬದಲ್ಲಿ ಮೂರೇ ಸಾಲು,
ಮೇಲೆ 'ಅನುಮೋದಿತ', ಪಕ್ಕದಲ್ಲಿ ಪರವಾನಗಿ ಸಂಖ್ಯೆ.
ಹೊಂದುತ್ತದೆ ಅನ್ನುವವನು ಮಾರುವವನು.
ಒಪ್ಪಿದ್ದೇನೆ ಅನ್ನಬೇಕಾದವನು
ಗೇರ್‌ಬಾಕ್ಸು ಕಟ್ಟಿದವನು.

ವಾದಕ್ಕೆ ನಿಲ್ಲಲಿಲ್ಲ. ಇಷ್ಟು ಕೇಳಿದೆ:
ಜಲಂಧರದ ಬಿತ್ತನೆ ಆಲೂಗೆಡ್ಡೆ ಲಾರಿ ಬಂದಾಗ
ಯಾರ್ಡಿನಲ್ಲಿ ನೀವು ಗೆಡ್ಡೆ ನೋಡ್ತೀರೋ,
ಚೀಲಕ್ಕೆ ಹೊಲಿದ ಚೀಟಿ ನೋಡ್ತೀರೋ?

ಮಾತಿಲ್ಲ.
ನೀಲಿ ಡಬ್ಬವನ್ನು ಬೆಂಚಿನಡಿಗೆ ತಳ್ಳಿದರು,
ಎಡಗಾಲಲ್ಲಿ.

ತುಂಬಿದ ಮೇಲೆ ಕಾಯುವುದು.
ಎಣ್ಣೆ ನಲವತ್ತು ಡಿಗ್ರಿ ಮುಟ್ಟಬೇಕು, ಹೆಚ್ಚಲ್ಲ ಕಡಿಮೆಯಲ್ಲ,
ಆಗ ಮಟ್ಟದ ಬಿರಡೆ ತೆಗೆದರೆ ಮೊದಲು ಧಾರೆ,
ಆಮೇಲೆ ಎಳೆ,
ಎಳೆ ಹನಿಯಾಗಿ ಒಡೆವಾಗ ಮುಚ್ಚಬೇಕು.
ನಮ್ಮಮ್ಮ ಪಾಕ ನೋಡುತ್ತಿದ್ದದ್ದೂ ಹೀಗೇ,
ಅವಳಿಗೆ ಸ್ಕ್ಯಾನರು ಬೇಕಿರಲಿಲ್ಲ.

ರಿಂಗ್ ರಸ್ತೆಗೆ ಹೊರಟೆವು. ಅವರೇ ಸ್ಟೀರಿಂಗು, ನಾನು ಪಕ್ಕ.
ಒದೆತ ಕಾದು ಮಂಡಿ ಬಿಗಿಹಿಡಿದಿದ್ದರು.
"ಮೂರಕ್ಕೆ ಬಿತ್ತಾ?"
ಆಗಲೇ ಬಿತ್ತು, ನಾಲ್ಕರಲ್ಲಿದ್ದೀರಿ ಅಂದೆ.
ನಂಬದೆ ಮೀಟರು ನೋಡಿದರು, ನನ್ನ ನೋಡಿದರು,
ಏನೂ ಆಗಲಿಲ್ಲವಲ್ಲ ಎಂದು
ಸ್ವಲ್ಪ ಬೇಜಾರೂ ಆದಂತಿತ್ತು.

ಆ ನೀಲಿ ಡಬ್ಬ ಇನ್ನೂ ಬೆಂಚಿನಡಿಯೇ ಇದೆ.
ಶೆಡ್ಡಿನ ಶಟರು ಕಿರುಗುಟ್ಟಿದಾಗ
ನಾಲ್ಕು ಹನಿ ಬಿಡುತ್ತೇನೆ.
ಪಟ್ಟಿಯಲ್ಲಿ ಅದರ ಹೆಸರಿಲ್ಲ,
ಹೊಂದಿಕೊಂಡಿದೆ.